ಖಾಸಗಿ ಚಿತ್ರ ಮತ್ತು ಕಾನೂನು: ಒಪ್ಪಿಗೆಯ ಪ್ರಶ್ನೆ ಬಂದ ದಾರಿ

"ಫೋಟೊ ತೆಗೆಯೋಕೆ ಅವಳೇ ಒಪ್ಪಿದ್ದಳಲ್ಲ, ಇನ್ನೆಂಥ ಕೇಸು?" ಠಾಣೆಗಳಲ್ಲಿ ಮಾತ್ರವಲ್ಲ, ಟಿವಿ ಚರ್ಚೆಗಳಲ್ಲೂ, ಒಮ್ಮೊಮ್ಮೆ ನಮ್ಮ ವಕೀಲರ ಬಾಯಲ್ಲೂ ಈ ಮಾತು ಕೇಳುತ್ತೇನೆ. ಕಾನೂನು 2013ರಲ್ಲೇ ಉತ್ತರ ಕೊಟ್ಟಿರುವ ಪ್ರಶ್ನೆ ಇದು.

ಅದಕ್ಕೂ ಹಿಂದಿನ ಕಥೆ ಚಿಕ್ಕದು. 1860ರ ದಂಡ ಸಂಹಿತೆಯಲ್ಲಿ ಅಶ್ಲೀಲತೆಗೆ ಕಲಂ 292, ಹೆಣ್ಣಿನ ಮಾನಕ್ಕೆ ಕುಂದು ತರುವುದಕ್ಕೆ 509 ಇದ್ದವು. 2000ದ ಐಟಿ ಕಾಯ್ದೆಯ ಕಲಂ 67 ಅದೇ ಅಶ್ಲೀಲತೆಯನ್ನು ಕಂಪ್ಯೂಟರಿಗೆ ಒಯ್ದಿತು. ನೋಡುವವರ ಮನಸ್ಸು ಕೆಡುತ್ತದೆಯೇ ಎಂಬುದೇ ಅಲ್ಲಿನ ಚಿಂತೆ. ಚಿತ್ರದಲ್ಲಿರುವವಳ ಒಪ್ಪಿಗೆ ಲೆಕ್ಕಕ್ಕೇ ಬರಲಿಲ್ಲ.

2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಐಟಿ ಕಾಯ್ದೆಯ ಕಲಂ 66ಇ ಆ ಲೆಕ್ಕ ಬದಲಿಸಿತು. ಸಂತ್ರಸ್ತರು ಗಂಡಾಗಲಿ ಹೆಣ್ಣಾಗಲಿ ಅನ್ವಯಿಸುತ್ತದೆ. ಆದರೆ ಅದು ರಕ್ಷಿಸುವುದು ಗುಪ್ತಾಂಗಗಳ ಚಿತ್ರವನ್ನಷ್ಟೇ. ಬಚ್ಚಲಿನ ಕಿಟಕಿಯಿಂದ ತೆಗೆದ ಚಿತ್ರದಲ್ಲಿ ಮುಖ, ಭುಜ ಮಾತ್ರ ಕಂಡರೆ ಆರೋಪಿ ಪಾರಾಗಬಹುದು.

ಆ ಕಿಂಡಿಯನ್ನು ಬಹುಮಟ್ಟಿಗೆ ಮುಚ್ಚಿದ್ದು ಲೈಂಗಿಕ ಅಪರಾಧಗಳ ಕಾನೂನಿನ ಸುಧಾರಣೆಗೆ ನೇಮಿಸಿದ್ದ ವರ್ಮಾ ಸಮಿತಿಯ ವರದಿಯ ನಂತರ, 2013ರಲ್ಲಿ ಬಂದ ದಂಡ ಸಂಹಿತೆಯ ಕಲಂ 354ಸಿ. ಇಲ್ಲಿ ಗಮನ ಅಂಗದಿಂದ ಖಾಸಗಿತನದ ಕಡೆಗೆ ಹೊರಳಿತು: ಯಾರೂ ನೋಡುವುದಿಲ್ಲ ಎಂದು ಹೆಣ್ಣು ನಂಬಬಹುದಾದ ಜಾಗ, ಅಲ್ಲಿನ ಖಾಸಗಿ ಕ್ರಿಯೆ. ಶೌಚಾಲಯದ ಬಳಕೆಯೂ ಅದರೊಳಗೆ ಸೇರಿತು. ಇದರ ಎರಡನೇ ವಿವರಣೆಯನ್ನು ನಾನು ನಮ್ಮ ತಲೆಮಾರಿನ ಅತಿ ದೊಡ್ಡ ಗಳಿಕೆ ಎಂದೇ ಎಣಿಸುತ್ತೇನೆ. ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪಿಲ್ಲದಿದ್ದರೆ ಹಂಚುವುದು ಅಪರಾಧ. ಮೊದಲ ಸಲಕ್ಕೆ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ ಜೈಲು. 2024ರ ಜುಲೈ 1ರಿಂದ ಇದೇ ಭಾರತೀಯ ನ್ಯಾಯ ಸಂಹಿತೆಯ ಕಲಂ 77. ಈಗ ಆರೋಪಿ ಯಾರೂ ಆಗಬಹುದು, ಸಂತ್ರಸ್ತೆ ಮಾತ್ರ ಹೆಣ್ಣೇ ಆಗಿರಬೇಕು. ಗಂಡಸರಿಗೆ ಇಂದಿಗೂ 66ಇ ಒಂದೇ ಆಸರೆ ಎಂಬಂತಾಗಿರುವುದು ಅನ್ಯಾಯ.

ಇಷ್ಟಿದ್ದರೂ ದೂರು ಹಿಡಿದು ಬಂದವಳಿಗೆ "ಸೆನ್ ಠಾಣೆಗೆ ಹೋಗಮ್ಮ" ಎಂದು ಸೈಬರ್ ಅಪರಾಧ ಠಾಣೆಯ ದಾರಿ ತೋರಿಸುತ್ತಾರೆ. ಐಟಿ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, ನಿಜ. ಕಲಂ 77ಕ್ಕೆ ಆ ಕಟ್ಟಳೆಯಿಲ್ಲ. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬೇಕು. ಜಾಲತಾಣಗಳಿಂದ ಚಿತ್ರ ತೆಗೆಸಲು 2021ರ ಐಟಿ ನಿಯಮಗಳು 24 ಗಂಟೆಯ ಗಡುವು ತಂದವು. ಆದರೆ ಅಳಿಸುವ ಮುನ್ನ ಲಿಂಕ್, ಸ್ಕ್ರೀನ್‌ಶಾಟ್ ಉಳಿಸಿಕೊಳ್ಳದಿದ್ದರೆ ಸಾಕ್ಷ್ಯವೂ ಕೈತಪ್ಪಬಹುದು.

2024ರ ಚುನಾವಣೆಯ ಹೊತ್ತಿಗೆ ಹಾಸನದಲ್ಲಿ ಹೆಣ್ಣುಮಕ್ಕಳ ಖಾಸಗಿ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಮರುವರ್ಷ ಆಗಸ್ಟಿನಲ್ಲಿ ಆ ಹಗರಣದ ಒಂದು ಪ್ರಕರಣದಲ್ಲಿ ಅಲ್ಲಿನ ಮಾಜಿ ಸಂಸದರಿಗೆ ಜೀವಾವಧಿ ಶಿಕ್ಷೆಯಾಯಿತು. ರುಜುವಾತಾದ ಆರೋಪಗಳಲ್ಲಿ ಅತ್ಯಾಚಾರದ ಜೊತೆಗೆ 354ಸಿ, 66ಇ ಕೂಡ ಇದ್ದವು. ಮುಖ ಮರೆಮಾಡದೆ ಆ ದೃಶ್ಯಗಳನ್ನು ಹಂಚಿದವರು, ಫಾರ್ವರ್ಡ್ ಮಾಡಿದವರು ಅದೇ ಕಾನೂನಿನ ಕೈಗೆ ಸಿಗುವವರೇ. ನಮ್ಮ ಚರ್ಚೆಗಳಲ್ಲಿ ಅವರ ಮಾತು ಬಂದದ್ದು ತೀರಾ ಕಡಿಮೆ.

ಇನ್ನೊಂದು ಕೊರತೆಯೂ ಉಳಿದಿದೆ. ಸಂತ್ರಸ್ತರ ಗುರುತು ಬಯಲು ಮಾಡುವುದನ್ನು ಶಿಕ್ಷಾರ್ಹಗೊಳಿಸುವ, ನ್ಯಾಯ ಸಂಹಿತೆಯ ಕಲಂ 72 ಅನ್ವಯಿಸುವುದು 64ರಿಂದ 71ರವರೆಗಿನ ಅಪರಾಧಗಳಿಗೆ. 77 ಅದರ ಹೊರಗಿದೆ. ಚಿತ್ರ ಊರೆಲ್ಲ ನೋಡಿದೆ ಎಂದು ದೂರಲು ಬಂದವಳು ಹೆಸರು ಮುಚ್ಚಿಡಿ ಎಂದು ನ್ಯಾಯಾಲಯಕ್ಕೆ ಬೇರೆ ಅರ್ಜಿ ಹಾಕಬೇಕು. ಇಡೀ ಸಂಹಿತೆಯನ್ನೇ ಹೊಸದಾಗಿ ಬರೆದ 2023ರಲ್ಲೂ ಆ ಪಟ್ಟಿಗೆ ಇದೊಂದು ಕಲಮನ್ನು ಸೇರಿಸಲಿಲ್ಲ.