ಘಟಪ್ರಭಾ ಪಕ್ಷಿಧಾಮ

ಘಟಪ್ರಭಾ ಪಕ್ಷಿಧಾಮವು ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ, ರಾಯಬಾಗದ ದಕ್ಷಿಣಕ್ಕಿರುವ ಸಂರಕ್ಷಿತ ಪ್ರದೇಶ. 1974ರಲ್ಲಿ ಘೋಷಿತವಾದ ಇದರ ವಿಸ್ತೀರ್ಣ 29.78 ಚದರ ಕಿಲೋಮೀಟರ್.

ಇದು ನೈಸರ್ಗಿಕ ಸರೋವರವಲ್ಲ. ಬ್ರಿಟಿಷರ ಕಾಲದಲ್ಲಿ ನೀರಾವರಿಗಾಗಿ ಘಟಪ್ರಭಾ ನದಿಗೆ ಧೂಪದಾಳದಲ್ಲಿ ಕಟ್ಟಿದ ಒಡ್ಡಿನ ಹಿನ್ನೀರಿನಿಂದ ಈ ನೆಲೆ ರೂಪುಗೊಂಡಿತು. ಚಳಿಗಾಲದಲ್ಲಿ ಡೆಮೊಯಿಸೆಲ್ ಕ್ರೌಂಚಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿಗೆ ವಲಸೆ ಬರುತ್ತವೆ.

ಈ ಹಕ್ಕಿಗಳಿಗೆ ನೀರಿನಷ್ಟೇ ಹೊಲವೂ ಅಗತ್ಯ. ಕ್ರೌಂಚಗಳು ಕೊಯ್ಲಾದ ಹೊಲಗಳಲ್ಲಿ ಉದುರಿದ ಕಾಳನ್ನು ಹೆಕ್ಕುತ್ತವೆ; ಕೊಕ್ಕರೆಗಳು ಮಿಡತೆ, ಕಪ್ಪೆ ಮೊದಲಾದವನ್ನು ಹಿಡಿಯುತ್ತವೆ. ವಿಶ್ರಾಂತಿಗೆ ಆಳವಿಲ್ಲದ ನೀರಿನ ಅಂಚನ್ನು ಆಶ್ರಯಿಸುತ್ತವೆ. ಹಿನ್ನೀರಿನ ಮಟ್ಟ, ಬೆಳೆಯ ಬದಲಾವಣೆ ಹಾಗೂ ಕೀಟನಾಶಕದ ಬಳಕೆ ಇವುಗಳ ಬದುಕನ್ನು ನೇರವಾಗಿ ತಟ್ಟುತ್ತವೆ. ಆದ್ದರಿಂದ ಗಡಿಯೊಳಗಿನ ರಕ್ಷಣೆಯೊಂದೇ ಸಾಲದು. ಇವುಗಳ ಉಳಿವು ಕಾಲುವೆ ನೀರಿನ ನಿರ್ವಹಣೆಯನ್ನೂ ಸುತ್ತಲಿನ ರೈತರ ಬೇಸಾಯ ಕ್ರಮವನ್ನೂ ಅವಲಂಬಿಸಿದೆ.