ನಂದಿಬೆಟ್ಟದ ಬುಡದಲ್ಲಿ ಮಾಗಿದ ಕೆಂಪು ವೈನ್



ಅಲಿಪುರದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟವನ್ನು ನೀವು ನೋಡಿರುತ್ತೀರಿ. ಆ ಸೊಸೈಟಿಯನ್ನು 1820ರಲ್ಲಿ ಹುಟ್ಟುಹಾಕಿದವರು ವಿಲಿಯಂ ಕೇರಿ. ಅದಕ್ಕೆ ಮೂರು ವರ್ಷ ಮೊದಲು, 1817ರಲ್ಲಿ, ಇದೇ ಕೇರಿ ಶ್ರೀರಾಂಪುರದಿಂದ ಒಂದು ಕನ್ನಡ ವ್ಯಾಕರಣ ಹೊರತಂದಿದ್ದರು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ! ಹೊರಗಿನ ಗಿಡ ತಂದು ಇಲ್ಲಿಯ ಮಣ್ಣಿಗೆ ಒಗ್ಗಿಸುವುದು ಆ ಸೊಸೈಟಿಯ ಹಳೆಯ ಕೆಲಸ. ಅದೇ ಕೆಲಸವನ್ನು ನಮ್ಮ ನಂದಿಬೆಟ್ಟದ ತಪ್ಪಲಲ್ಲಿ ದ್ರಾಕ್ಷಿ ಬಳ್ಳಿಯ ಜೊತೆ ಮಾಡಿದ ಒಂದು ಕುಟುಂಬದ ಕಥೆ ಇವತ್ತಿನದು. (ಕುಡಿಯಿರಿ ಎನ್ನುತ್ತಿಲ್ಲ, ಓದಿ ಎನ್ನುತ್ತಿದ್ದೇನೆ!)

ಬೆಂಗಳೂರು ಸೀಮೆಗೆ ದ್ರಾಕ್ಷಿ ಹೊಸದಲ್ಲ. ಅಲ್ಲಿಯ ಹೆಸರನ್ನೇ ಹೊತ್ತ ಬೆಂಗಳೂರು ಬ್ಲೂ ನಿಮಗೆ ಗೊತ್ತೇ ಇದೆ. ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ, ಬುಟ್ಟಿ ತಂದಿಟ್ಟರೆ ಮನೆಯೆಲ್ಲ ಘಮ. ಜ್ಯೂಸಿಗೆ, ಸಿಹಿ ವೈನಿಗೆ ಅದು ಸರಿ. ವರ್ಷಗಟ್ಟಲೆ ಇಟ್ಟು ಮಾಗಿಸುವ ಕೆಂಪು ವೈನಿಗೆ ಮಾತ್ರ ಒದಗದು. ಅದಕ್ಕೆ ಯುರೋಪಿನ ತಳಿಗಳೇ ಬೇಕು.

ಮುಂಬೈಯ ಉದ್ಯಮಿ ಕನ್ವಲ್ ಗ್ರೋವರ್ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿ ಬರುತ್ತಿದ್ದವರು. ಅಲ್ಲಿ ವೈನಿನ ಗೀಳು ಹತ್ತಿತು. ಷಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜೊತೆಗೆ ಹಾಕಿಕೊಂಡು, ಹಲವು ಫ್ರೆಂಚ್ ತಳಿಗಳನ್ನು ನೆಟ್ಟು, ಕಾದು, ನೋಡಿ, ಕೊನೆಗೆ 1988ರಲ್ಲಿ ದೊಡ್ಡಬಳ್ಳಾಪುರದ ಬಳಿ 40 ಎಕರೆಯಲ್ಲಿ ತೋಟ ಮಾಡಿದರು. ಮೊದಲ ವೈನ್ ಹೊರಬಂದದ್ದು 1992ರಲ್ಲಿ.

ಕಷ್ಟ ಎಲ್ಲಿತ್ತು ಅಂತೀರಾ? ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಬಾರದು! ಹಾಗಾಗಿ ವರ್ಷಕ್ಕೆ ಎರಡು ಸಲ ಸವರಬೇಕು. ವಿಜಯಪುರದ ದ್ರಾಕ್ಷಿ ರೈತರು ಇದನ್ನೇ ಚಾಟನಿ ಎನ್ನುತ್ತಾರೆ. ಬೇಸಿಗೆಯ ಚಾಟನಿ ಕಡ್ಡಿ ಬಲಿಯಲಿಕ್ಕೆ, ಮಳೆಗಾಲದ ಕೊನೆಯದು ಹಣ್ಣಿಗೆ. ಕೊಯ್ಲು ಫೆಬ್ರವರಿ, ಮಾರ್ಚಿನ ಹೊತ್ತಿಗೆ. ಹಗಲಿನ ಬಿಸಿಲಿಗೆ ಸಕ್ಕರೆ ಏರುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ. ನಂದಿಯ ಎತ್ತರವನ್ನು ಹುಡುಕಿಕೊಂಡು ಹೋದದ್ದು ಅದಕ್ಕೇ.

ಕೆಂಪು ವೈನ್ ಮಾಗುವುದೆಂದರೆ ಅದರ ಒಗರು ಮೆತ್ತಗಾಗುವುದು. ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ನಿನ ಒಗರು ಅದು; ಹುಣಸೆ ಹಳೆಯದಾದಷ್ಟೂ ಬೇರೆ ರುಚಿ ಕೊಡುವುದಿಲ್ಲವೇ, ಹಾಗೆ. ಬೋರ್ಡೊದ ಮಿಷೆಲ್ ರೋಲಾಂ ಸಲಹೆ ಕೊಡಲು ಬಂದ ಮೇಲೆ ಗ್ರೋವರ್ ಕುಟುಂಬ ಕ್ಯಾಬರ್ನೆ, ಶಿರಾಜ್ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿ ಮಾಗಿಸಿ 'ಲಾ ರಿಸರ್ವ್' ತಂದಿತು. ಭಾರತದ ಕೆಂಪು ವೈನನ್ನು ಹೊರದೇಶದವರು ಗಂಭೀರವಾಗಿ ನೋಡಿದ್ದು ಬಹುಮಟ್ಟಿಗೆ ಇದರಿಂದಲೇ ಎಂದು ನನ್ನ ಎಣಿಕೆ.

ಮಾಗಿಸುವುದರಲ್ಲಿ ಇಟಲಿಯವರ ತಾಳ್ಮೆಯೇ ಬೇರೆ. ಮೊಂಟಾಲ್ಚಿನೊ ಊರಿನ ಬ್ರುನೆಲ್ಲೊ ವೈನನ್ನು ಕೊಯ್ಲಿನ ನಂತರದ ಐದನೆಯ ವರ್ಷ ಬರುವ ತನಕ ಮಾರುವಂತಿಲ್ಲ. ಅದಕ್ಕೆ ಹೆಸರು ತಂದ ಬಿಯೊಂಡಿ ಸಾಂತಿ ಮನೆತನದಲ್ಲಿ 1888ರ ಸೀಸೆಗಳನ್ನು ಮೊಮ್ಮಕ್ಕಳ ಕಾಲದವರೆಗೂ ಕಾಪಾಡಿದರು. ಬಿರಡೆ ಹಳತಾಗಿ ವೈನ್ ಇಂಗಿದರೆ ಹಳೆಯ ಸೀಸೆ ತೆರೆದು, ಅದೇ ವರ್ಷದ ವೈನನ್ನೇ ತುಂಬಿ, ಹೊಸ ಬಿರಡೆ ಹಾಕುವುದು ಆ ಮನೆಯ ಪದ್ಧತಿಯಾಗಿತ್ತು. ಮನೆಯ ಹಿರಿಯ ಫ್ರಾಂಕೊ 2013ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ಆ ತೋಟ ಫ್ರಾನ್ಸಿನ ಕಂಪನಿಯೊಂದರ ಪಾಲಾಯಿತು.

ನಂದಿಯದೂ ಹೆಚ್ಚುಕಡಿಮೆ ಅದೇ ದಾರಿ, ಇನ್ನೂ ಬೇಗ. ಕನ್ವಲ್ ಅವರ ಮಗ ಕಪಿಲ್ ನಡೆಸಿಕೊಂಡು ಬಂದ ಸಂಸ್ಥೆ 2012ರಲ್ಲಿ ನಾಸಿಕದ ವೈನ್ ಕಂಪನಿಯೊಂದಿಗೆ ಸೇರಿ 'ಗ್ರೋವರ್ ಜಂಪಾ' ಆಯಿತು. ಆಮೇಲೆ ಹೊರಗಿನ ಬಂಡವಾಳವೂ ಬಂತು. ಬಳ್ಳಿ ಬೇರು ಬಿಟ್ಟಿತು; ಒಡೆತನ ಒಂದೇ ಮನೆಯಲ್ಲಿ ಮೂರು ತಲೆಮಾರು ನಿಲ್ಲಲಿಲ್ಲ. ಓಕ್ ಪೀಪಾಯಿಗೂ ಬಡ್ಡಿ ಕಟ್ಟಬೇಕಲ್ಲ, ವೈನ್ ಮಾಗುವ ತನಕ ಬ್ಯಾಂಕು ಕಾಯುತ್ತದೆಯೇ?

ಊರಿಗೆ ಹೋಗಿ ದೇವನಹಳ್ಳಿಯಲ್ಲಿ ವಿಮಾನ ಇಳಿದರೆ ಆ ತೋಟ ದೂರವೇನಲ್ಲ. ಅಂದಹಾಗೆ, ನಿಮ್ಮ ತವರಿನ ಹಿತ್ತಿಲಲ್ಲೂ ಬೆಂಗಳೂರು ಬ್ಲೂ ಚಪ್ಪರವಿತ್ತೇ? ಬರೆದು ತಿಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ.