ಶಸ್ತ್ರವೈದ್ಯದ ನಷ್ಟದ ಖಾತೆ

ಅಂಗಡಿಯ ಕಿರ್ದಿಯಲ್ಲಿ ಬಂದದ್ದನ್ನು ಮಾತ್ರ ಬರೆದು ಹೋದದ್ದನ್ನು ಬಿಟ್ಟರೆ ಅದು ಲೆಕ್ಕವೆನಿಸುವುದಿಲ್ಲ. ವ್ಯಾಪಾರಸ್ಥರಿಗೆ ಈ ಮಾತು ಹೊಸದಲ್ಲ. ಆದರೆ ಮನುಷ್ಯನ ಪ್ರಾಣವನ್ನೇ ಕೈಯಲ್ಲಿ ಹಿಡಿದು ನಡೆಯುವ ಶಸ್ತ್ರವೈದ್ಯದಲ್ಲಿ ಬಹುಕಾಲ ಜಮೆಯ ಲೆಕ್ಕವೊಂದೇ ಇದ್ದಿತು. ಗುಣಹೊಂದಿದವರ ವೃತ್ತಾಂತ ಊರೆಲ್ಲ ಹರಡುತ್ತಿತ್ತು. ತಪ್ಪಿನಿಂದ ಮಡಿದವರ ವೃತ್ತಾಂತ ಅವರೊಡನೆಯೇ ಮುಗಿಯುತ್ತಿತ್ತು. ನಷ್ಟದ ಖಾತೆ ತೆರೆದದ್ದು ಹೇಗೆ, ಅದರಿಂದ ಎಷ್ಟು ಜೀವ ಉಳಿಯಿತು ಎಂಬ ಇತಿಹಾಸವನ್ನು ಆಸ್ಪತ್ರೆಗಳಿಗೆ ದಾನ ನೀಡುವ, ಉಚಿತ ಚಿಕಿತ್ಸಾ ಶಿಬಿರಗಳನ್ನು ನಡೆಸುವ ಕುಟುಂಬಗಳೂ ಟ್ರಸ್ಟುಗಳೂ ತಿಳಿದಿರುವುದು ಅವಶ್ಯಕ.

1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರಯೋಗ ನಡೆಯಿತು. 1867ರಲ್ಲಿ ಜೋಸೆಫ್ ಲಿಸ್ಟರ್ ಅವರು ಗಾಯ ಕೀವಾಗದಂತೆ ಕಾರ್ಬಾಲಿಕ್ ಆಮ್ಲವನ್ನು ಬಳಸುವ ಕ್ರಮವನ್ನು ಪ್ರಕಟಿಸಿದರು. ನೋವು, ನಂಜು ಎಂಬ ಎರಡು ಶತ್ರುಗಳು ಹಿಂದೆ ಸರಿದ ಮೇಲೆ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಬೆಳೆಯಿತು. ಆದರೆ ಮೂರನೆಯ ಶತ್ರುವೊಂದು ಕೊಠಡಿಯೊಳಗೇ ಉಳಿಯಿತು. ಅದೇ ಚಿಕಿತ್ಸೆ ಮಾಡುವವರ ಪ್ರಮಾದ.

ಈ ಶತ್ರುವನ್ನು ಲೆಕ್ಕದ ಪುಸ್ತಕಕ್ಕೆ ತಂದವರಲ್ಲಿ ಅರ್ನೆಸ್ಟ್ ಕಾಡ್‌ಮನ್ (1869–1940) ಅವರ ಹೆಸರು ಸ್ಮರಣೀಯವಾದುದು. ಆ ಕಾಲದಲ್ಲಿ ಈಥರ್ ಕೊಡುವ ಕೆಲಸವನ್ನು ತಕ್ಕ ಶಿಕ್ಷಣವಿಲ್ಲದ ವಿದ್ಯಾರ್ಥಿಗಳಿಗೆ ವಹಿಸುತ್ತಿದ್ದರು. 1894ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಯಾಗಿದ್ದ ಕಾಡ್‌ಮನ್ ಅವರೂ, ಮುಂದೆ ಮೆದುಳಿನ ಶಸ್ತ್ರವೈದ್ಯರಾಗಿ ಹೆಸರಾದ ಅವರ ಸಹಪಾಠಿ ಹಾರ್ವೆ ಕುಶಿಂಗ್ ಅವರೂ ಎಚ್ಚರತಪ್ಪಿದ ರೋಗಿಯ ನಾಡಿ, ಉಸಿರುಗಳನ್ನು ಆಗಿಂದಾಗ್ಗೆ ಕಾಗದದ ಮೇಲೆ ಗುರುತಿಸುವ ಪದ್ಧತಿಯನ್ನು ಆರಂಭಿಸಿದರು. ಬರೆಯಬೇಕಾದವನು ನೋಡಲೇಬೇಕು. ಹೀಗೆ ಬರವಣಿಗೆಯೇ ಕಾವಲಾಯಿತು.

ವೈದ್ಯರಾದ ಮೇಲೆ ಕಾಡ್‌ಮನ್ ಅವರು ‘ಅಂತಿಮ ಫಲ’ವೆಂಬ ತತ್ತ್ವವನ್ನು ಮುಂದಿಟ್ಟರು. ಪ್ರತಿಯೊಬ್ಬ ರೋಗಿಗೂ ಒಂದು ಚೀಟಿ ಇರಬೇಕು. ಒಂದು ವರ್ಷದ ನಂತರ ಆತನನ್ನು ಮತ್ತೆ ಪರೀಕ್ಷಿಸಬೇಕು. ಚಿಕಿತ್ಸೆ ಫಲಿಸದಿದ್ದರೆ ಅದಕ್ಕೆ ಕಾರಣ ಜ್ಞಾನದ ಕೊರತೆಯೋ, ವಿವೇಚನೆಯ ದೋಷವೋ, ಸಲಕರಣೆಯ ಅಭಾವವೋ, ರೋಗದ ಪ್ರಾಬಲ್ಯವೋ ಎಂದು ಬರೆಯಬೇಕು. ಅದನ್ನು ಜನರ ಮುಂದಿಡಬೇಕು. ಈ ತತ್ತ್ವದಂತೆ ನಡೆಯಲು 1911ರಲ್ಲಿ ತಮ್ಮದೇ ಚಿಕ್ಕ ಆಸ್ಪತ್ರೆಯನ್ನು ತೆರೆದರು. 1916ರವರೆಗೆ ಅಲ್ಲಿಂದ ಬಿಡುಗಡೆಯಾದ 337 ರೋಗಿಗಳ ಚಿಕಿತ್ಸೆಯಲ್ಲಿ 123 ತಪ್ಪುಗಳಾಗಿದ್ದವೆಂದು ತಾವೇ ಅಚ್ಚು ಮಾಡಿಸಿ ಹಂಚಿದರು. ತನ್ನ ಸರಕಿನ ದೋಷವನ್ನು ತಾನೇ ಫಲಕದ ಮೇಲೆ ಬರೆದು ತೂಗುಹಾಕುವ ವರ್ತಕನು ಎಷ್ಟು ವಿರಳನೋ ಇಂಥ ವೈದ್ಯನೂ ಅಷ್ಟೇ ವಿರಳ.

ಫಲವೇನಾಯಿತು? ಯೋಗ್ಯತೆಯನ್ನು ನೋಡದೆ ಹಿರಿತನದಿಂದಲೇ ಬಡ್ತಿ ಕೊಡುವುದನ್ನು ಪ್ರತಿಭಟಿಸಿ ಕಾಡ್‌ಮನ್ ಅವರು 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ರಾಜೀನಾಮೆ ಕೊಟ್ಟರು. 1915ರ ಜನವರಿಯಲ್ಲಿ ಬೋಸ್ಟನ್ನಿನ ವೈದ್ಯರ ಸಭೆಯಲ್ಲಿ ಒಂದು ದೊಡ್ಡ ವ್ಯಂಗ್ಯಚಿತ್ರವನ್ನು ಬಿಡಿಸಿ ತೋರಿಸಿದರು. ಮರಳಿನಲ್ಲಿ ತಲೆ ಹುದುಗಿಸಿದ ಉಷ್ಟ್ರಪಕ್ಷಿಯೊಂದು ವೈದ್ಯರತ್ತ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿರುವ ಚಿತ್ರವದು. ಸತ್ಯ ತಿಳಿಯಲು ಇಚ್ಛಿಸದ ಶ್ರೀಮಂತ ರೋಗಿಗಳೇ ಆ ಪಕ್ಷಿ. ಸಭೆ ಕೆರಳಿತು, ಅವರು ಹಾರ್ವರ್ಡಿನ ಬೋಧಕ ಹುದ್ದೆಯನ್ನೂ ಕಳೆದುಕೊಂಡರು. 1940ರಲ್ಲಿ ತೀರಿಕೊಂಡ ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಂದದ್ದು 2014ರಲ್ಲಿ. ಆದರೂ ಅವರು ಬಿತ್ತಿದ್ದು ಹಾಳಾಗಲಿಲ್ಲ. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಆಸ್ಪತ್ರೆಗಳಿಗೆ ಕನಿಷ್ಠ ಮಟ್ಟವನ್ನು ಗೊತ್ತುಮಾಡುವ ಕಾರ್ಯವನ್ನು ಕೈಗೊಳ್ಳಲು ಈ ವಿಚಾರವೇ ಪ್ರೇರಣೆಯಾಯಿತು.

ಎರಡನೆಯ ಅಧ್ಯಾಯವೂ ಅದೇ ಮ್ಯಾಸಚೂಸೆಟ್ಸ್ ಆಸ್ಪತ್ರೆಯಲ್ಲಿಯೇ ನಡೆಯಿತು. ಈ ಸಲ ಲೆಕ್ಕ ಬರೆದವರು ವೈದ್ಯರಲ್ಲ, ಜೆಫ್ರಿ ಕೂಪರ್ ಎಂಬ ಇಂಜಿನಿಯರು. ಅವರೂ ಅವರ ಸಂಗಡಿಗರೂ ಅರಿವಳಿಕೆ ನೀಡುವವರೊಡನೆ 47 ಸಂದರ್ಶನಗಳನ್ನು ನಡೆಸಿ, ತಪ್ಪಿಸಬಹುದಾಗಿದ್ದ 359 ಅವಘಡಗಳನ್ನು ಸಂಗ್ರಹಿಸಿ 1978ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ನೂರಕ್ಕೆ 82 ಮನುಷ್ಯರ ತಪ್ಪಿನಿಂದಾದವು. ಯಂತ್ರ ಕೆಟ್ಟು ಆದವು ನೂರಕ್ಕೆ 14 ಮಾತ್ರ. ಉಸಿರಾಟದ ಕೊಳವೆ ಕಳಚುವುದು, ಒಂದು ಸಿರಿಂಜಿನ ಬದಲು ಇನ್ನೊಂದನ್ನು ಎತ್ತಿಕೊಳ್ಳುವುದು, ಅನಿಲದ ಗುಂಡಿಯನ್ನು ತಪ್ಪಾಗಿ ತಿರುಗಿಸುವುದು ಇವೇ ಮುಖ್ಯವಾದುವು.

ಇಲ್ಲಿ ಒಂದು ದೊಡ್ಡ ಬದಲಾವಣೆಯನ್ನು ಗಮನಿಸಬೇಕು. ‘ಯಾರು ಮಾಡಿದರು?’ ಎಂಬ ಪ್ರಶ್ನೆಯನ್ನು ಬಿಟ್ಟು ‘ಹೇಗಾಯಿತು?’ ಎಂದು ಕೇಳಿದಾಗ ಉತ್ತರ ದೊರೆಯಿತು. ಕೆಲವು ಯಂತ್ರಗಳಲ್ಲಿ ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಔಷಧ ಹೆಚ್ಚುತ್ತಿತ್ತು, ಇನ್ನು ಕೆಲವುಗಳಲ್ಲಿ ಕಡಿಮೆಯಾಗುತ್ತಿತ್ತು! ಇಂಥ ಕಡೆ ನಿಪುಣನೂ ಒಂದಲ್ಲ ಒಂದು ದಿನ ಎಡವುವನು. ಆದ್ದರಿಂದ ಯಂತ್ರಗಳ ರಚನೆಯನ್ನು ಏಕರೂಪಗೊಳಿಸಲಾಯಿತು. 1985ರಲ್ಲಿ ಅಮೆರಿಕದಲ್ಲಿ ಅರಿವಳಿಕೆಯಲ್ಲಿ ರೋಗಿಗಳ ಸುರಕ್ಷತೆಗೆಂದೇ ಒಂದು ಪ್ರತಿಷ್ಠಾನ ಹುಟ್ಟಿತು. 1986ರಲ್ಲಿ ಹಾರ್ವರ್ಡಿನ ಆಸ್ಪತ್ರೆಗಳು ಚಿಕಿತ್ಸೆ ಮುಗಿಯುವವರೆಗೂ ರೋಗಿಯ ಮೇಲೆ ನಿರಂತರ ನಿಗಾ ಇಡುವ ನಿಯಮಗಳನ್ನು ಪ್ರಕಟಿಸಿದವು. ಜಪಾನಿನ ತಕುವೊ ಅವೋಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ತ್ವದ ಮೇಲೆ ನಿಂತ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ತೋರಿಸುವ ಪಲ್ಸ್ ಆಕ್ಸಿಮೀಟರ್ ಬಳಕೆಗೆ ಬಂದಿತು. ಕೊರೋನಾ ಕಾಲದಲ್ಲಿ ನಮ್ಮ ಮನೆಮನೆಗೂ ಬಂದ ಉಪಕರಣವಿದು. ಅರಿವಳಿಕೆಯಿಂದಾಗುವ ಮರಣಗಳು ಅಲ್ಲಿಂದೀಚೆಗೆ ಬಹಳ ಇಳಿದಿವೆ.

ಕತ್ತಿ ಹಿಡಿದವರ ಕಡೆ ಇಂಥ ಎಚ್ಚರ ಬರಲು ಇನ್ನೂ ತಡವಾಯಿತು. 1995ರಲ್ಲಿ ಫ್ಲೋರಿಡಾದ ಟ್ಯಾಂಪಾ ನಗರದ ಆಸ್ಪತ್ರೆಯೊಂದರಲ್ಲಿ ಮಧುಮೇಹ ರೋಗಿಯೊಬ್ಬರ ಒಂದು ಕಾಲಿಗೆ ಬದಲಾಗಿ ಇನ್ನೊಂದು ಕಾಲನ್ನು ಕತ್ತರಿಸಲಾಯಿತು. ವೈದ್ಯರು ಒಳಗೆ ಬರುವ ಹೊತ್ತಿಗೆ ಕರಿಹಲಗೆಯ ಮೇಲೂ ದಿನದ ಪಟ್ಟಿಯಲ್ಲಿಯೂ ತಪ್ಪು ಕಾಲೇ ನಮೂದಾಗಿತ್ತು. ಅದನ್ನೇ ಶುದ್ಧಗೊಳಿಸಿ ಸಿದ್ಧವಾಗಿಡಲಾಗಿತ್ತು. ಮೊದಲ ಪುಸ್ತಕದಲ್ಲಿ ತಪ್ಪಿದ ಅಂಕಿ ಅಢಾವೆ ಪತ್ರಿಕೆಯವರೆಗೂ ಸಾಗಿದ ಹಾಗಾಯಿತು. ಕತ್ತರಿಸಬೇಕಾದ ಜಾಗಕ್ಕೆ ವೈದ್ಯರೇ ಮುಂಚಿತವಾಗಿ ಶಾಯಿಯಿಂದ ಗುರುತು ಹಾಕುವ ಪದ್ಧತಿ ಆ ದಶಕದಲ್ಲಿ ಬಲಗೊಂಡಿತು. 2004ರಿಂದ ಅಮೆರಿಕದ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಅದು ನಿಯಮವಾಯಿತು.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಒಂದು ತಪಾಸಣಾ ಪಟ್ಟಿಯನ್ನು ಹೊರತಂದಿತು. ಭಾರತೀಯ ಮೂಲದ ವೈದ್ಯ ದಂಪತಿಗಳ ಪುತ್ರರಾದ ಶಸ್ತ್ರವೈದ್ಯ ಅತುಲ್ ಗವಾಂಡೆ ಅವರು ಈ ಕಾರ್ಯದ ಮುಂದಾಳು. ಅರಿವಳಿಕೆಗೆ ಮುನ್ನ, ಕತ್ತಿ ತಾಗಿಸುವ ಮುನ್ನ, ರೋಗಿ ಕೊಠಡಿ ಬಿಡುವ ಮುನ್ನ ಎಂದು ಮೂರು ಬಾರಿ ಎಲ್ಲರೂ ನಿಲ್ಲಬೇಕು. ರೋಗಿ ಯಾರು, ಜಾಗ ಯಾವುದು, ಯಾವ ಔಷಧ ಆಗದು ಎಂದು ಗಟ್ಟಿಯಾಗಿ ಹೇಳಬೇಕು. ಕೊನೆಗೆ ಬಟ್ಟೆ, ಸೂಜಿ, ಸಲಕರಣೆಗಳನ್ನು ಎಣಿಸಬೇಕು. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿದಾಗ ಮರಣಗಳು ನೂರಕ್ಕೆ 1.5ರಿಂದ 0.8ಕ್ಕೂ, ತೊಡಕುಗಳು ನೂರಕ್ಕೆ 11ರಿಂದ 7ಕ್ಕೂ ಇಳಿದವು. ಆದರೆ ಕೆನಡಾದ ಒಂಟಾರಿಯೊ ಪ್ರಾಂತದ 101 ಆಸ್ಪತ್ರೆಗಳ ಅಧ್ಯಯನ 2014ರಲ್ಲಿ ಪ್ರಕಟವಾದಾಗ ಅಲ್ಲಿ ಗಣನೀಯ ಇಳಿಕೆ ಕಂಡುಬರಲಿಲ್ಲ. ಆಜ್ಞೆಗೆಂದು ಗುರುತು ಹಾಕುವುದು ಬೇರೆ, ನಿಂತು ಕೇಳುವುದು ಬೇರೆ. ಕಿರಿಯ ದಾದಿಯೊಬ್ಬಳು ‘ಸ್ವಲ್ಪ ತಡೆಯಿರಿ’ ಎಂದರೆ ಹಿರಿಯ ವೈದ್ಯರು ತಡೆಯುವ ಕಡೆಯಲ್ಲಿ ಮಾತ್ರ ಈ ಪಟ್ಟಿಗೆ ಜೀವವುಂಟು.

ನಮ್ಮ ದೇಶದ ಒಂದು ಘಟನೆಯನ್ನು ಇಲ್ಲಿ ಹೇಳದೆ ಇರಲಾಗದು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಸರ್ಕಾರಿ ಶಿಬಿರವೊಂದರಲ್ಲಿ ಒಬ್ಬ ಶಸ್ತ್ರವೈದ್ಯರು ಒಂದೇ ದಿನ 83 ಮಹಿಳೆಯರಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿದರು. ನಿಯಮದ ಮಿತಿ ದಿನಕ್ಕೆ 30. ಬಳಿಕ 10ಕ್ಕೂ ಹೆಚ್ಚು ಮಹಿಳೆಯರು ಮರಣಹೊಂದಿದರು. ಕಾರಣ ಔಷಧವೋ ನಂಜೋ ಎಂಬ ವಾದ ನಡೆಯಿತು. ಆದರೆ 83 ಎಂಬ ಸಂಖ್ಯೆಯೇ ಸಾಧನೆಯೆನಿಸಿದ ಕಡೆ ನಿಂತು ಕೇಳಲು ಯಾರಿಗೆ ಬಿಡುವಿರುತ್ತದೆ?

ಶಿಬಿರ ನಡೆಸುವ ಟ್ರಸ್ಟುಗಳ ವಾರ್ಷಿಕ ವರದಿಗಳಲ್ಲಿ ಎಷ್ಟು ಮಂದಿಗೆ ಚಿಕಿತ್ಸೆಯಾಯಿತು ಎಂಬ ಅಂಕಿ ಇರುತ್ತದೆ. ಅದರ ಪಕ್ಕದಲ್ಲಿ ಇನ್ನೂ ಕೆಲವು ಅಂಕಣಗಳು ಬೇಕು. ಒಬ್ಬ ವೈದ್ಯರಿಗೆ ದಿನಕ್ಕೆ ಎಷ್ಟು ರೋಗಿಗಳು? ಮೂರು ಬಾರಿಯ ತಪಾಸಣೆ ನಡೆಯಿತೇ? ತಿಂಗಳ ನಂತರ ಎಷ್ಟು ಮಂದಿಯನ್ನು ಮತ್ತೆ ಕಂಡಿರಿ? ಎಷ್ಟು ಮಂದಿಗೆ ತೊಂದರೆಯಾಯಿತು, ಏಕೆ? ದಾನಿಗಳು ಹೀಗೆ ಕೇಳಿದರೆ ವೈದ್ಯರನ್ನು ಸಂಶಯಿಸಿದಂತಲ್ಲ. ಲೆಕ್ಕಪರಿಶೋಧಕರು ಬಂದರೆ ಪ್ರಾಮಾಣಿಕ ವರ್ತಕನು ಮುನಿಯುವುದಿಲ್ಲವಷ್ಟೆ. ಜೊತೆಗೆ, ತಪ್ಪನ್ನು ತಾನಾಗಿ ಹೇಳಿದವರನ್ನು ಶಿಕ್ಷಿಸುವುದಿಲ್ಲವೆಂಬ ಭರವಸೆಯನ್ನೂ ಟ್ರಸ್ಟು ಕೊಡಬೇಕು. ಹೇಳಿದವರಿಗೆ ದಂಡವೆಂದಾದರೆ ಖಾತೆ ಮತ್ತೆ ಮುಚ್ಚಿಹೋಗುತ್ತದೆ. ಕಾಡ್‌ಮನ್ ಅವರು ಹುದ್ದೆ ಕಳೆದುಕೊಂಡು ತೆರೆದ ಖಾತೆಯನ್ನು ತೆರೆದಿಡಲು ನಮಗೆ ತಗಲುವ ಖರ್ಚು ಕೆಲವು ಹಾಳೆ ಕಾಗದ, ಮತ್ತು ಕೇಳಿಸಿಕೊಳ್ಳುವ ಮನಸ್ಸು.